ನೈಟ್ ಶಿಫ್ಟಲ್ಲಿ ಸಣ್ಣ ನಿದ್ದೆ: ಲೈಟ್ ಆರಿಸಬೇಕಾ, ಬೇಡ್ವಾ?

ಪೀಣ್ಯ_ಪಾಳಿ:
ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸೋದು) ನಡೆಸುತ್ತೇನೆ. ನೈಟ್ ಶಿಫ್ಟ್ ವಾರದಲ್ಲಿ ರಾತ್ರಿ ಮೂರಕ್ಕೆ ಮುಕ್ಕಾಲು ಗಂಟೆ ಬ್ರೇಕ್. ಮಲಗೋ ಜಾಗದಲ್ಲಿ ಎರಡು ಟ್ಯೂಬ್‌ಲೈಟ್ ಸರಿಯಾಗಿ ಮುಖದ ಮೇಲೇ ಉರಿಯುತ್ತವೆ. ಆರಿಸಿದರೆ ಸೂಪರ್‌ವೈಸರ್ ಬಂದು ಮತ್ತೆ ಹಾಕುತ್ತಾರೆ, ಕತ್ತಲಾದರೆ ನೀವು ಏಳೋದೇ ಇಲ್ಲ ಅಂತಾರೆ. ಬೆಳಕಲ್ಲಿ ಬರೋದು ಬರೀ ಕೋಳಿನಿದ್ದೆ. ಆದರೆ ಹೋದ ವಾರ ಲೈಟ್ ಆರಿಸಿ 40 ನಿಮಿಷ ಗಡದ್ದಾಗಿ ಮಲಗಿದೆ, ಎದ್ದ ಮೇಲೆ ತಲೆಯೆಲ್ಲ ಭಾರ, ಪಾರ್ಟ್ ಅಳೆಯೋ ವರ್ನಿಯರ್ ರೀಡಿಂಗ್ ಎರಡು ಸಲ ತಪ್ಪಿತು. ಸೂಪರ್‌ವೈಸರ್ ಹೇಳೋದೇ ಸರಿನಾ ಹಾಗಾದ್ರೆ?

ವಾರ್ಡ್_ಅಕ್ಕ:
ತಪ್ಪು ಕತ್ತಲೆಯದಲ್ಲ ತಮ್ಮ, 40 ನಿಮಿಷದ್ದು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿಯೋದು ಜಾಸ್ತಿ, ಅಲ್ಲಿಂದ ಎಬ್ಬಿಸಿದರೆ ಮಂಪರು ಬಿಡೋದಿಲ್ಲ. ಅದರಲ್ಲೂ ಮೂರು-ನಾಲ್ಕು ಗಂಟೆ ಅಂದರೆ ದೇಹ ತೀರಾ ಸೋತಿರೋ ಹೊತ್ತು. ನಾನು ನರ್ಸ್, ಕಣ್ಣಿಗೆ ದುಪಟ್ಟಾ ಮಡಚಿ ಹಾಕಿಕೊಂಡು 20 ನಿಮಿಷಕ್ಕೆ ಅಲಾರಂ ಇಡುತ್ತೇನೆ. ಲೈಟ್ ಇದ್ದರೆ ಇರಲಿ, ಸೂಪರ್‌ವೈಸರ್ ಜೊತೆ ಜಗಳ ಯಾಕೆ?

ಲಕ್ಸ್_ಲೆಕ್ಕ:
ಅಕ್ಕ ಹೇಳಿದ್ದು ಸರಿ. ಮಲಗುವಾಗ ಕತ್ತಲೆ, ಎದ್ದ ತಕ್ಷಣ ಜೋರು ಬೆಳಕು, ನಿಮ್ಮಲ್ಲಿ ಉಲ್ಟಾ ಆಗ್ತಿದೆ ಅಷ್ಟೇ. ನೋಡೋಕೆ ಬೇಕಾದ ಕೋಶಗಳಲ್ಲದೆ ಕಣ್ಣಿನ ಹಿಂಪದರದಲ್ಲಿ ಬೇರೆ ಕೆಲವು ಕೋಶಗಳಿವೆ. ಅವು ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸಿ, ಈಗ ಹಗಲು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಬಿಳಿ ಟ್ಯೂಬ್‌ಲೈಟಲ್ಲಿ ಈ ನೀಲಿ ಸಾಕಷ್ಟಿರುತ್ತದೆ. 2003ರಲ್ಲಿ ಜಪಾನಿನ ಸಂಶೋಧಕರು 20 ನಿಮಿಷ ಮಲಗಿ ಎದ್ದವರಿಗೆ ಒಂದೇ ನಿಮಿಷ 2000 ಲಕ್ಸ್ (ಬೆಳಕು ಎಷ್ಟು ಬೀಳುತ್ತೆ ಅನ್ನೋದರ ಅಳತೆ) ಬೆಳಕು ತೋರಿಸಿ ನೋಡಿದರು, ತೂಕಡಿಕೆ ಕಡಿಮೆಯಾಯಿತು. ಬೆಳಕಿನ ಬದಲು ಮಲಗೋ ಮುಂಚೆ ಕೆಫೀನ್ (ಕಾಫಿಯಲ್ಲಿರೋದು) ತಗೊಂಡಾಗ ಫಲ ಇನ್ನೂ ಚೆನ್ನಾಗಿತ್ತು. ಆದರೆ ಅದು ಮಧ್ಯಾಹ್ನದ ನಿದ್ದೆ, ರಾತ್ರಿ ಮೂರಕ್ಕೆ ಅಷ್ಟೇ ಫಲ ಸಿಗುತ್ತೆ ಅಂದುಕೊಳ್ಳಬೇಡಿ. ಆಫೀಸಲ್ಲಿ ಸಾಮಾನ್ಯವಾಗಿ ಇರೋದೇ 300-500 ಲಕ್ಸ್, ಹಾಗಾಗಿ ಮಷಿನ್ ಮೇಲಿನ ಲೈಟ್ ಹತ್ತಿರ ಹೋಗಿ ನಿಲ್ಲಿ. ಬೆಳಕಿಗೆ ಬಂದರೂ ಮೊದಲ 15 ನಿಮಿಷ ಅಳತೆ ಕೆಲಸಕ್ಕೆ ಕೈ ಹಾಕಬೇಡಿ.

ಬೆಳಗಿನ_ಬೈಕು:
ಕಾಫಿ ಮೂರಕ್ಕೆ ಕುಡಿದರೆ ಬೆಳಿಗ್ಗೆ ಮನೇಲಿ ಯಾರು ಮಲಗೋದು ಸ್ವಾಮಿ? ನನಗಂತೂ ಆಗೋದಿಲ್ಲ. ಶಿಫ್ಟ್ ಮುಗಿಯೋ ಹೊತ್ತಿಗೆ ಜೋರು ಬೆಳಕೂ ಬೇಡ, ಹಗಲು ನಿದ್ದೆ ಕೆಡುತ್ತೆ. ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಮನೆಗೆ ಹೋಗಿ ಅಂತಾರೆ, ಬಸ್ಸಲ್ಲಿ ಹೋಗೋರಿಗೆ ಸರಿ. ಕಣ್ಣು ಎಳೀತಾ ಇರುವಾಗ ಗಾಡಿ ಹತ್ತಲೇಬೇಡಿ, ನಾನು ಒಮ್ಮೆ ಡಿವೈಡರ್‌ಗೆ ಗುದ್ದಿದ್ದೇನೆ.

ಪೀಣ್ಯ_ಪಾಳಿ:
ಎರಡು ರಾತ್ರಿ ಟವೆಲ್ ಕಣ್ಣಿಗೆ ಕಟ್ಟಿ 20 ನಿಮಿಷ ಮಲಗಿದೆ, ಎದ್ದು ಡಿಸ್ಪ್ಯಾಚ್ ಕಡೆಯ ದೊಡ್ಡ ಲೈಟ್ ಕೆಳಗೆ ಹತ್ತು ನಿಮಿಷ ಓಡಾಡಿದೆ. ತಲೆಭಾರ ಪೂರ್ತಿ ಹೋಗಿಲ್ಲ, ರೀಡಿಂಗ್ ಮಾತ್ರ ತಪ್ಪಲಿಲ್ಲ. ಟವೆಲ್ ಕಟ್ಟಿಕೊಂಡ ಫೋಟೋ ಶಿಫ್ಟ್ ಗ್ರೂಪಲ್ಲಿ ಓಡಾಡ್ತಿದೆ, ಅದು ಬೇರೆ ಕಥೆ.