ತೈಲಕ್ಕೆ ಬದಲಾಗಿ ಆಹಾರ: ಇಷ್ಟು ಬಿಗಿ ಇದ್ದೂ ಲಂಚ ಸಂದದ್ದು ಹೇಗೆ?

ಪ್ರಶ್ನೆ:
ಮಾನ್ಯರೆ, ವಿಶ್ವಸಂಸ್ಥೆಯ ವ್ಯಾಪಾರ ನಿರ್ಬಂಧದ ಕಾಲದಲ್ಲಿ, ಜನರಿಗೆ ಆಹಾರ, ಔಷಧ ಕೊಳ್ಳಲೆಂದು ತೈಲ ಮಾರಲು ಬಿಟ್ಟ ‘ತೈಲಕ್ಕೆ ಬದಲಾಗಿ ಆಹಾರ’ ಯೋಜನೆಯಡಿ ಇರಾಕ್ ಮಾರಿದ ತೈಲದ ಹಣ ಸದ್ದಾಂ ಹುಸೇನರ ಸರ್ಕಾರಕ್ಕೆ ಸಿಗದೆ ವಿಶ್ವಸಂಸ್ಥೆಯ ಖಾತೆಗೆ ಜಮೆಯಾಗುತ್ತಿತ್ತು. ಆಹಾರ, ಔಷಧದ ಗುತ್ತಿಗೆಗಳಿಗೆ ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ಒಪ್ಪಿಗೆ ಬೇಕಿತ್ತು. ಹೀಗಿರುವಾಗ ಆ ಸರ್ಕಾರದ ಕೈಗೆ ಲಂಚ ತಲುಪಿದ್ದು ಯಾವ ದಾರಿಯಿಂದ?

ಮೊದಲ ಉತ್ತರ:
ಗುತ್ತಿಗೆಯ ಬೆಲೆಯೊಳಗಿನಿಂದಲೇ ತಲುಪಿತು. ಹಣ ವಿಶ್ವಸಂಸ್ಥೆಯ ಬಳಿ ಇದ್ದರೂ, ಯಾರಿಗೆ ತೈಲ ಮಾರಬೇಕು, ಯಾರಿಂದ ಸರಕು ಕೊಳ್ಳಬೇಕು ಎಂಬ ಆಯ್ಕೆಯನ್ನು ವಿಶ್ವಸಂಸ್ಥೆ ಮತ್ತು ಇರಾಕ್ ನಡುವಿನ 1996ರ ಒಪ್ಪಂದ ಇರಾಕಿಗೇ ಬಿಟ್ಟಿತ್ತು. ಉಳಿದ ಅನಾಹುತಕ್ಕೆಲ್ಲ ಅದೇ ಮೂಲ. ಆಸ್ಟ್ರೇಲಿಯಾದ ಗೋಧಿ ಸಂಸ್ಥೆ ಎ.ಡಬ್ಲ್ಯು.ಬಿ.ಯ ವ್ಯವಹಾರವನ್ನೇ ನೋಡಿ. 1999ರಿಂದ ಇರಾಕ್, ಬಂದರಿನಿಂದ ಒಳನಾಡಿಗೆ ಸಾಗಿಸುವ ಬಾಡಿಗೆಯೆಂದು ಟನ್ನಿಗೆ 12 ಡಾಲರ್ ಕೇಳಿತು, ಮುಂದೆ ಅದನ್ನು ಹಲವು ಪಟ್ಟು ಏರಿಸಿತು. ಈ ಮೊತ್ತವನ್ನು ಗೋಧಿಯ ದರಕ್ಕೆ ಸೇರಿಸಿ ವಿಶ್ವಸಂಸ್ಥೆಯ ಖಾತೆಯಿಂದ ಪಡೆದ ಸಂಸ್ಥೆ, ಅದನ್ನು ಜೋರ್ಡಾನಿನ ಅಲಿಯಾ ಎಂಬ ಕಂಪನಿಗೆ ಪಾವತಿಸುತ್ತಿತ್ತು. ಅಲಿಯಾ ಆ ಗೋಧಿಯನ್ನು ಸಾಗಿಸಲೇ ಇಲ್ಲ; ಬಂದ ಹಣವನ್ನು ಇರಾಕ್ ಸರ್ಕಾರಕ್ಕೆ ದಾಟಿಸಿತು. ಹೀಗೆ ಹೋದದ್ದು ಸುಮಾರು 22 ಕೋಟಿ ಡಾಲರ್. 2000ದಿಂದ ಇತರ ಸರಕುಗಳ ಮೇಲೂ ‘ಮಾರಾಟೋತ್ತರ ಸೇವೆ’ಯ ಹೆಸರಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ವಸೂಲಾಯಿತು. ಲಂಚ ಕೊಟ್ಟ ಕಂಪನಿಗೆ ತನ್ನ ಗಂಟಿನಿಂದ ಕಾಸೂ ಹೋಗಲಿಲ್ಲ. ಹೋದದ್ದು ಇರಾಕಿನ ಜನರ ಅನ್ನದ, ಮದ್ದಿನ ಹಣ.

ಎರಡನೆಯ ಉತ್ತರ:
ವಿವರ ಸರಿಯಾಗಿದೆ, ಆದರೆ ಕಂಪನಿಗಳನ್ನಷ್ಟೇ ದೂರುವುದು ಸಾಲದು. ಈ ಯೋಜನೆಯ ಅಕ್ರಮಗಳ ತನಿಖೆಗೆ ವಿಶ್ವಸಂಸ್ಥೆ ನೇಮಿಸಿದ ವೋಲ್ಕರ್ ಸಮಿತಿಯ 2005ರ ವರದಿಯಂತೆ 2,200ಕ್ಕೂ ಹೆಚ್ಚು ಕಂಪನಿಗಳ ಮೂಲಕ ಸುಮಾರು 180 ಕೋಟಿ ಡಾಲರ್ ಅಕ್ರಮವಾಗಿ ಸಂದಿದ್ದರೆ, ಯೋಜನೆಯ ಹೊರಗೆ ಜೋರ್ಡಾನ್, ಟರ್ಕಿ ಮುಂತಾದೆಡೆಗೆ ನಡೆದ ತೈಲ ಕಳ್ಳಸಾಗಣೆಯಿಂದ ಅದರ ಹಲವು ಪಟ್ಟು ಹಣ ಬಂದಿತ್ತು. ಭದ್ರತಾ ಮಂಡಳಿಯ ಪ್ರಬಲ ಸದಸ್ಯರಿಗೆ ಇದು ತಿಳಿದಿತ್ತು, ಮಿತ್ರರಾಷ್ಟ್ರಗಳ ಮುಲಾಜಿಗೆ ಸುಮ್ಮನಿದ್ದರು. ಯೋಜನೆಯ ಮುಖ್ಯಸ್ಥ ಬೆನನ್ ಸೆವಾನ್ ಸುಮಾರು ಒಂದೂವರೆ ಲಕ್ಷ ಡಾಲರ್ ಪಡೆದರೆಂದೂ ಸಮಿತಿ ಹೇಳಿತು. ಅವರು ಅದನ್ನು ನಿರಾಕರಿಸಿದರು. ಕಂಡೂ ಕಾಣದಂತಿದ್ದವರ ಹೊಣೆ ನನಗೆ ಕಂಪನಿಗಳ ಹೊಣೆಗಿಂತ ದೊಡ್ಡದೆನಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿ ಈ ವರದಿಯೆಂದರೆ ವರದಿಯಲ್ಲಿ ಹೆಸರು ಬಂದಾಗ ವಿದೇಶಾಂಗ ಸಚಿವರಾಗಿದ್ದ ನಟವರ್ ಸಿಂಗ್ ಅವರ ರಾಜೀನಾಮೆ ಮಾತ್ರ ನೆನಪಾಗುತ್ತದೆ. ಗೋಧಿಯ ಈ ಲೆಕ್ಕ ಚರ್ಚೆಗೇ ಬರಲಿಲ್ಲ. ಆ ಸಂಸ್ಥೆಯವರಿಗೆ ಶಿಕ್ಷೆಯಾಯಿತೇ?

ಮೊದಲ ಉತ್ತರ ಬರೆದವರು:
2006ರಲ್ಲಿ ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ್ದ ಕೋಲ್ ವಿಚಾರಣಾ ಆಯೋಗ 12 ಜನರ ಮೇಲೆ ಕ್ರಿಮಿನಲ್ ಕ್ರಮವನ್ನು ಪರಿಶೀಲಿಸುವಂತೆ ಶಿಫಾರಸು ಮಾಡಿತು. ಆದರೆ 2009ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು ತನಿಖೆಯನ್ನು ಕೈಬಿಟ್ಟರು. ಆ ಬಳಿಕ ಉಳಿದದ್ದು ಕೆಲವು ಅಧಿಕಾರಿಗಳ ಮೇಲಿನ ಸಿವಿಲ್ ಮೊಕದ್ದಮೆ ಮಾತ್ರ.