ಸಹಾಯ ಬೇಕು: ಪ್ಯಾಕೇಜ್ ಇಲ್ಲದೆ ಅಂಡಮಾನ್, ಹ್ಯಾವ್‌ಲಾಕ್ ಮತ್ತು ನೀಲ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ನಾಲ್ಕು ಜನ, ಜನವರಿಯಲ್ಲಿ. ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್ ದ್ವೀಪ, ನೀಲ್ ದ್ವೀಪ, ವಾಪಸ್ ಪೋರ್ಟ್ ಬ್ಲೇರ್. ಮೂರೂ ಸಲ ಸರ್ಕಾರಿ ಹಡಗೇ ಸಾಕು, ಖಾಸಗಿ ಕ್ರೂಸ್‌ಗಿಂತ ತುಂಬಾ ಅಗ್ಗ. ತೊಂದರೆ ಅಂದ್ರೆ ಟಿಕೆಟ್ ಬೇಗ ಖಾಲಿಯಾಗುತ್ತೆ, ಗಾಳಿ ಎದ್ದರೆ ಹಡಗೇ ರದ್ದು. ಅದಕ್ಕೇ ವಾಪಸ್ ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್ ಸೇರೋ ಲೆಕ್ಕ.

ನೀಲ್‌ನ ನ್ಯಾಚುರಲ್ ಬ್ರಿಡ್ಜ್ (ಕಡಲ ದಡದ ಕಲ್ಲಿನ ಕಮಾನು) ಹತ್ತಿರಕ್ಕೆ ನಡೆದು ಹೋಗೋಕೆ ನೀರು ಇಳಿದಿರಬೇಕು. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಅಮಾವಾಸ್ಯೆ-ಹುಣ್ಣಿಮೆ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತೆ. ಹಾಗಾಗಿ ಹಡಗಿಗಿಂತ ಮೊದಲು ಪಂಚಾಂಗ ನೋಡಿ ನೀಲ್ ದಿನ ಗೊತ್ತು ಮಾಡ್ತಿದ್ದೇವೆ. ಆ ದಾರಿಯ ಸತ್ತ ಹವಳ ಬ್ಲೇಡಿನಂತೆ ಕೊಯ್ಯುತ್ತೆ, ಪಟ್ಟಿ ಇರೋ ರಬ್ಬರ್ ಚಪ್ಪಲಿ ಸಾಮಾನಿನ ಲಿಸ್ಟಿನಲ್ಲಿದೆ.

ಈಗ ಹೋಗಿಬಂದವರು ಹೇಳಬೇಕಾದದ್ದು:

ಅಂಡಮಾನ್‌ನಲ್ಲಿ ಜನವರಿಯಲ್ಲಿ ಐದೂವರೆಯೊಳಗೇ ಸೂರ್ಯ ಮುಳುಗುತ್ತೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಲ್ಲಿ ಅದನ್ನು ನೋಡಿ ಜೆಟ್ಟಿ ಕಡೆ ಬರೋಕೆ ಬಸ್ ಸಿಗುತ್ತಾ, ಇಲ್ಲ ಸ್ಕೂಟರ್ ಬಾಡಿಗೆಯೇ ಗತಿಯಾ?

ಹ್ಯಾವ್‌ಲಾಕ್‌ನದೇ ಎಲಿಫೆಂಟ್ ಬೀಚಿಗೆ ಬೋಟ್ ಬಿಟ್ಟು ಕಾಡಿನ ಕಾಲುದಾರಿಯಲ್ಲೇ ಹೋಗೋ ಆಸೆ. ಕೆಸರು ನಮಗೇನು ಹೊಸದಲ್ಲ. ದಾರಿ ಈಗ ತೆರೆದಿದೆಯಾ, ಮಧ್ಯಾಹ್ನ ಎಷ್ಟು ಹೊತ್ತಿನವರೆಗೆ ಒಳಗೆ ಬಿಡ್ತಾರೆ?

ಸರ್ಕಾರಿ ಹಡಗಿನ ಟಿಕೆಟ್ ಆನ್‌ಲೈನಲ್ಲಿ ಸಿಗದಿದ್ದರೆ ಕೌಂಟರಿಗೆ ಎಷ್ಟು ದಿನ ಮುಂಚೆ ಹೋಗಬೇಕು?