ಅಪ್‌ಡೇಟ್: ವ್ಯಾನ್‌ನಲ್ಲಿ ಅಪ್ಪನ ಸಿಪ್ಯಾಪ್ ಈಗ ಬೆಳಗಿನವರೆಗೂ ಓಡುತ್ತಿದೆ

ಅಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ನಮ್ಮ ಕ್ಯಾಂಪರ್ ವ್ಯಾನ್‌ನಲ್ಲಿ ಅವರ ಸಿಪ್ಯಾಪ್ ಮೆಷಿನ್ (ಉಸಿರು ಕಟ್ಟದಂತೆ ರಾತ್ರಿಯಿಡೀ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ) ಬ್ಯಾಟರಿ ಮುಗಿದು ನಡುರಾತ್ರಿ ಆಫ್ ಆಗುತ್ತದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಈಗ ಸರಿಯಾಗಿದೆ!

ಮೆಷಿನ್‌ಗಿಂತ ಜಾಸ್ತಿ ಕರೆಂಟ್ ಎಳೆಯುತ್ತಿದ್ದದ್ದು ಆ ಗಾಳಿಗೆ ತೇವ ಸೇರಿಸಲು ನೀರು ಬಿಸಿ ಮಾಡುವ ಹ್ಯೂಮಿಡಿಫೈಯರ್. ಡಾಕ್ಟರನ್ನು ಕೇಳಿ ಅದನ್ನು ಬಂದ್ ಮಾಡಿದೆವು. ಕಾಸರಗೋಡಿನ ಕಡಲಗಾಳಿಯಲ್ಲೇ ಬೇಕಾದಷ್ಟು ತೇವ ಇದೆ, ಅಲ್ವಾ? ಇನ್ವರ್ಟರನ್ನೂ ಬಿಟ್ಟೆವು. ಬ್ಯಾಟರಿಯ 12 ವೋಲ್ಟನ್ನು ಅದು 230ಕ್ಕೆ ಏರಿಸುವುದು, ಅಡಾಪ್ಟರ್ ಮತ್ತೆ 24ಕ್ಕೆ ಇಳಿಸುವುದು, ಇದರಲ್ಲಿ ಸುಮ್ನೆ ಕರೆಂಟ್ ಪೋಲಾಗುತ್ತಿತ್ತು. ಈಗ 12ರಿಂದ ನೇರವಾಗಿ 24ಕ್ಕೆ ಏರಿಸುವ, ಮೆಷಿನ್‌ಗೆಂದೇ ಬರುವ ಡಿಸಿ ಕನ್ವರ್ಟರ್ ಹಾಕಿದ್ದೇವೆ. 100 ಆಂಪಿಯರ್‌ಅವರ್ ಲಿಥಿಯಂ ಬ್ಯಾಟರಿಯಲ್ಲಿ ಎರಡು ರಾತ್ರಿ ಆರಾಮಾಗಿ ಕಳೆಯುತ್ತದೆ.

ಮೊನ್ನೆ ಬೇಕಲದಲ್ಲಿ ಎದ್ದ ಕೂಡಲೇ ಅಪ್ಪ, "ಮಗಾ, ಒಂದೇ ನಿದ್ದೆಗೆ ಬೆಳಗಾಯ್ತು" ಎಂದರು. ಕಣ್ಣು ತುಂಬಿ ಬಂತು. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.